ಒಂದೇ ಗುಂಡಿನ ರೈಫಲ್‌ಗೆ ದೊಡ್ಡ ಕ್ಯಾಲಿಬರ್ ಬೇಕೆಂದವರು ಯಾರು?

ಬೇಟೆಗೆ ಕಾನೂನಿನ ಒಪ್ಪಿಗೆ ಇರುವ ದೇಶಗಳಲ್ಲಿ ನೆಲೆಸಿ, ಪರವಾನಗಿ ಪಡೆದು, ಸಿಂಗಲ್ ಶಾಟ್ ರೈಫಲ್ (ಪ್ರತಿ ಹೊಡೆತಕ್ಕೂ ಕೈಯಿಂದ ಒಂದು ತೋಟಾ ತುಂಬಬೇಕಾದದ್ದು) ಕೊಳ್ಳಲು ಹೊರಟಿರುವ ಓದುಗರು ನನಗೆ ಬರೆಯುವ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ಪ್ರಶ್ನೆ: ಯಾವ ಕ್ಯಾಲಿಬರ್, ಅಂದರೆ ಎಷ್ಟು ದಪ್ಪದ ಗುಂಡಿನ ತೋಟಾ ಆರಿಸಲಿ? ಈ ಸಲ ಅದಕ್ಕೆ ಪೂರ್ತಿ ಉತ್ತರ ಕೊಟ್ಟುಬಿಡುತ್ತೇನೆ. ಬಂದೂಕು ಹಿಡಿಯುವ ಶಿಸ್ತು, ದುರ್ಬೀನು ಹೊಂದಿಸುವ ಕ್ರಮ ನಿಮಗೆ ಗೊತ್ತಿದೆ ಎಂದುಕೊಂಡೇ ಬರೆಯುತ್ತಿದ್ದೇನೆ. ಗೊತ್ತಿಲ್ಲದವರು ಮೊದಲು ತರಬೇತಿ ಮುಗಿಸಿಕೊಳ್ಳಿ.

ಪ್ರಶ್ನೆ: ಜಿಂಕೆ ಮತ್ತು ಕಾಡುಹಂದಿ ಬೇಟೆಗೆ ಸಿಂಗಲ್ ಶಾಟ್ ರೈಫಲ್ ಕೊಳ್ಳಬೇಕೆಂದಿದ್ದೇನೆ. ‘ಇರುವುದು ಒಂದೇ ಗುಂಡು, ಅದು ಜೋರಾಗಿಯೇ ಇರಲಿ’ ಎಂದು ಅಂಗಡಿಯವರು .300 ವಿಂಚೆಸ್ಟರ್ ಮ್ಯಾಗ್ನಮ್ ಎಂಬ ಭಾರಿ ತೋಟಾದ ರೈಫಲ್ ತೋರಿಸುತ್ತಿದ್ದಾರೆ. ಗೆಳೆಯರೊಬ್ಬರು .45-70 ಎಂಬ ಹಳೆಯ ದಪ್ಪ ತೋಟಾ ಬಿಟ್ಟು ಬೇರೆ ಮುಟ್ಟಬೇಡ ಎನ್ನುತ್ತಾರೆ. ನಿಮ್ಮ ನೆಚ್ಚಿನದು ಯಾವುದು?

ಉತ್ತರ: ಅಂಗಡಿಯವರ ವಾದ ತಲೆಕೆಳಗಾಗಿದೆ. ಇರುವುದು ಒಂದೇ ಗುಂಡು ಎಂದ ಮೇಲೆ ಅದು ನೀವು ಇಟ್ಟ ಗುರಿಗೇ ಹೋಗಬೇಕು. ಅದಕ್ಕೆ ಬೇಕಿರುವುದು ನಿಮ್ಮ ಭುಜ ಹೆದರದ ತೋಟಾ.

ಸಿಂಗಲ್ ಶಾಟ್ ರೈಫಲ್ಲಿನಲ್ಲಿ ತೋಟಾವನ್ನು ಒಳಗೆ ತಳ್ಳುವ ಬೋಲ್ಟ್ ಹಿಂದೆ ಮುಂದೆ ಓಡಾಡಲು ಜಾಗ ಬೇಕಿಲ್ಲ. ಹಾಗಾಗಿ ಅಷ್ಟೇ ಉದ್ದದ ನಳಿಗೆಯಿರುವ ಬೋಲ್ಟ್ ರೈಫಲ್ಲಿಗಿಂತ ಅದು ಸುಮಾರು ಹತ್ತು ಸೆಂಟಿಮೀಟರ್ ಗಿಡ್ಡವಾಗಿರುತ್ತದೆ, ಎಷ್ಟೋ ಮಾದರಿಗಳಲ್ಲಿ ಹಗುರವೂ ಆಗಿರುತ್ತದೆ. ಹೊತ್ತು ನಡೆಯುವಾಗ ಇದು ಸುಖ. ಗುಂಡು ಹಾರಿಸುವಾಗ ಇದೇ ತೊಂದರೆ. ತೋಟಾ ಬದಲಾಗದೆ ರೈಫಲ್ಲಿನ ತೂಕ ನಾಲ್ಕು ಕಿಲೋದಿಂದ ಮೂರಕ್ಕೆ ಇಳಿದರೆ ಒದೆತದ ಶಕ್ತಿ ಮೂರನೇ ಒಂದು ಭಾಗದಷ್ಟು ಏರುತ್ತದೆ. ಒಂದೇ ತೂಕದ ರೈಫಲ್ಲಿನಲ್ಲಿಯೇ .300 ಮ್ಯಾಗ್ನಮ್, ಸಾಧಾರಣ ಶಕ್ತಿಯ .308 ವಿಂಚೆಸ್ಟರ್ ತೋಟಾಕ್ಕಿಂತ ಹೆಚ್ಚುಕಡಿಮೆ ಒಂದೂವರೆ ಪಟ್ಟು ಒದೆಯುತ್ತದೆ. ಹಗುರ ರೈಫಲ್, ಭಾರಿ ತೋಟಾ ಎರಡನ್ನೂ ಕೂಡಿಸಿ ನಿಮ್ಮ ಭುಜಕ್ಕೆ ಒರಗಿಸಲು ಹೊರಟಿದ್ದಾರೆ.

‘ನನಗೆ ಒದೆತ ಲೆಕ್ಕಕ್ಕೇ ಇಲ್ಲ’ ಎನ್ನುವವರಿಗೆ ನಾನು ಗುರಿ ಮೈದಾನದಲ್ಲಿ ಒಂದು ಪರೀಕ್ಷೆ ಇಡುತ್ತೇನೆ. ಅವರು ಬೆನ್ನು ತಿರುಗಿಸಿ ನಿಂತಿರುವಾಗ ಚೇಂಬರಿನಲ್ಲಿ (ನಳಿಗೆಯ ಬುಡದಲ್ಲಿ ತೋಟಾ ಕೂರುವ ಗೂಡಿನಲ್ಲಿ) ಒಮ್ಮೆ ನಿಜವಾದ ತೋಟಾ, ಒಮ್ಮೆ ಮದ್ದಿಲ್ಲದ ಅಣಕು ತೋಟಾ ಇಟ್ಟು ರೈಫಲ್ ಕೈಗೆ ಕೊಡುತ್ತೇನೆ. ಒಳಗೆ ಯಾವುದಿದೆ ಎಂದು ಅವರಿಗೆ ತಿಳಿದಿರುವುದಿಲ್ಲ. ಅಣಕು ತೋಟಾದ ಸರದಿ ಬಂದಾಗ ‘ಟಿಕ್’ ಎಂಬ ಸದ್ದಷ್ಟೇ ಬರುತ್ತದೆ. ಆ ಕ್ಷಣದಲ್ಲಿ ನಳಿಗೆಯ ತುದಿಯನ್ನೇ ನೋಡುತ್ತಿರಬೇಕು. ಬಾರದ ಒದೆತಕ್ಕೆ ಭುಜ ಮುಂದಕ್ಕೆ ನುಗ್ಗುತ್ತದೆ, ಕಣ್ಣು ಮುಚ್ಚುತ್ತದೆ, ನಳಿಗೆ ಸರಕ್ಕನೆ ತಗ್ಗುತ್ತದೆ. ಗಟ್ಟಿಮುಟ್ಟಾದ ಆಳುಗಳಲ್ಲೂ ಇದನ್ನು ಕಾಣುತ್ತೇನೆ. ಲೆಕ್ಕ ಹಾಕಿ ನೋಡಿ: ಭುಜದಿಂದ ನಳಿಗೆಯ ತುದಿಗೆ ಒಂದು ಮೀಟರ್. ತುದಿ ಒಂದೇ ಒಂದು ಮಿಲಿಮೀಟರ್ ತಗ್ಗಿದರೆ ನೂರು ಮೀಟರ್ ದೂರದಲ್ಲಿ ಗುಂಡು ಹತ್ತು ಸೆಂಟಿಮೀಟರ್ ಕೆಳಗೆ ಬಡಿಯುತ್ತದೆ. ಮಧ್ಯಮ ಗಾತ್ರದ ಜಿಂಕೆಯ ಎದೆಯಲ್ಲಿ ಹೃದಯ, ಶ್ವಾಸಕೋಶಗಳಿರುವ ಜಾಗದ ಅಗಲ ಸುಮಾರು ಇಪ್ಪತ್ತು ಸೆಂಟಿಮೀಟರ್. ನಡುವಿಗೆ ಇಟ್ಟ ಗುರಿ ಅಲ್ಲಿಗೇ ಅಂಚಿಗೆ ಬಂತು. ಎರಡು ಮಿಲಿಮೀಟರ್ ತಗ್ಗಿದರೆ ಪ್ರಾಣಿ ಕಾಲು ಮುರಿದುಕೊಂಡು ಪೊದೆ ಸೇರುತ್ತದೆ, ಎಲ್ಲೋ ನರಳಿ ಸಾಯುತ್ತದೆ. ಇದಕ್ಕಿಂತ ದೊಡ್ಡ ಪಾಪ ಬೇಟೆಯಲ್ಲಿ ಬೇರೆ ಇಲ್ಲ. ಗುರಿ ತಪ್ಪಿದ ಮ್ಯಾಗ್ನಮ್ ಗುಂಡು ಅದನ್ನು ತಡೆಯುವುದಿಲ್ಲ, ಅದಕ್ಕೆ ಕಾರಣವಾಗುತ್ತದೆ.

ಇನ್ನು ನಿಮ್ಮ ಗೆಳೆಯರ .45-70. ಅದರ ಮೇಲೆ ನನಗೆ ಗೌರವವಿದೆ. 1873ರಲ್ಲಿ ಅಮೆರಿಕದ ಸೇನೆಗೆ ಬಂದ ತೋಟಾ, ಕರಿಮದ್ದಿನ ಕಾಲದ್ದು, 405 ಗ್ರೇನ್ (ಸುಮಾರು 26 ಗ್ರಾಂ) ತೂಕದ ಸೀಸದ ಗುಂಡು. ನೂರು ಮೀಟರ್ ಒಳಗೆ ಅದರ ಕೆಲಸಕ್ಕೆ ಯಾರೂ ಹೆಸರಿಡುವಂತಿಲ್ಲ. ಆದರೆ ಆ ಹಳೆಯ ವೇಗದ ತೋಟಾಕ್ಕೆ ನೂರು ಮೀಟರಿಗೆ ದುರ್ಬೀನು ಹೊಂದಿಸಿದರೆ ಇನ್ನೂರರಲ್ಲಿ ಗುಂಡು ಎರಡು ಅಡಿಗೂ ಹೆಚ್ಚು ಕೆಳಗೆ ಬೀಳುತ್ತದೆ. .308 ಬೀಳುವುದು ನಾಲ್ಕೈದು ಅಂಗುಲ ಮಾತ್ರ. ದೂರದ ಅಂದಾಜು ಕೊಂಚ ತಪ್ಪಿದರೂ .45-70 ನಿಮ್ಮನ್ನು ಕ್ಷಮಿಸುವುದಿಲ್ಲ. ಇದಕ್ಕಿಂತ ಗಂಭೀರವಾದ ಸಂಗತಿ ಮದ್ದಿನ ಹೊರೆ. ಕಡಿಮೆ ಒತ್ತಡ ತಾಳುವ ಹಳೆಯ ಟ್ರ್ಯಾಪ್‌ಡೋರ್ ಸ್ಪ್ರಿಂಗ್‌ಫೀಲ್ಡ್ ರೈಫಲ್‌ಗೆ ಒಂದು, ಲಿವರ್ ರೈಫಲ್‌ಗೆ ಒಂದು, ರೂಗರ್ ನಂಬರ್ 1ರಂಥ ಗಟ್ಟಿ ರೈಫಲ್‌ಗೆ ಇನ್ನೊಂದು, ಹೀಗೆ ಮೂರು ಮಟ್ಟದ ಹೊರೆಗಳು ಒಂದೇ ಹೆಸರಿನಲ್ಲಿ ಚಾಲ್ತಿಯಲ್ಲಿವೆ. ಮೂರನೆಯದು ಮೊದಲನೆಯದರ ಚೇಂಬರಿಗೂ ಸಲೀಸಾಗಿ ಇಳಿಯುತ್ತದೆ. ಇಳಿಯಿತು ಎಂದು ಹಾರಿಸಿದರೆ ಮುಖವೇ ಉಳಿಯುವುದಿಲ್ಲ. ಪೆಟ್ಟಿಗೆಯ ಮೇಲಿನ ಸೂಚನೆ ಓದುವ ತಾಳ್ಮೆ ಇಲ್ಲದವರು ಈ ಕ್ಯಾಲಿಬರಿನ ಹತ್ತಿರ ಸುಳಿಯಬಾರದು.

ನನ್ನ ಆಯ್ಕೆ ಕೇಳಿದಿರಿ. ಫಾಲಿಂಗ್ ಬ್ಲಾಕ್ ರೈಫಲ್, 7×57 ಮೌಸರ್ ತೋಟಾ. 1892ರಿಂದ ಬಳಕೆಯಲ್ಲಿದೆ, ಒದೆತ ಮೃದು, ಇನ್ನೂರು ಮೀಟರ್ ಒಳಗೆ ಜಿಂಕೆಗೂ ಹಂದಿಗೂ ಧಾರಾಳವಾಗಿ ಸಾಕು. ನೀವಿರುವಲ್ಲಿ ಅದು ಸುಲಭವಾಗಿ ಸಿಗದಿದ್ದರೆ .308 ಕೊಳ್ಳಿ, ಯೋಚನೆಯೇ ಬೇಡ. ಸಿಗದ ತೋಟಾದಿಂದ ಅಭ್ಯಾಸ ಆಗುವುದಿಲ್ಲ.

ಫಾಲಿಂಗ್ ಬ್ಲಾಕ್ ಏಕೆ? ಕೆಳಗಿನ ಲಿವರ್ ಎಳೆದಾಗ ಉಕ್ಕಿನ ದಪ್ಪ ಬ್ಲಾಕ್ ನೇರವಾಗಿ ಕೆಳಗಿಳಿಯುತ್ತದೆ, ಮುಚ್ಚಿದಾಗ ತೋಟಾದ ಬೆನ್ನಿಗೆ ಗೋಡೆಯಂತೆ ನಿಲ್ಲುತ್ತದೆ. ಸ್ಕಾಟ್ಲೆಂಡಿನ ಜಾನ್ ಫಾರ್ಕರ್ಸನ್ 1872ರಲ್ಲಿ ಪೇಟೆಂಟ್ ಪಡೆದ ವಿನ್ಯಾಸ, ಜಾನ್ ಬ್ರೌನಿಂಗ್ ರೂಪಿಸಿದ ವಿಂಚೆಸ್ಟರ್ 1885, ಫಾರ್ಕರ್ಸನ್ ದಾರಿಯಲ್ಲೇ 1967ರಲ್ಲಿ ಬಂದ ರೂಗರ್ ನಂಬರ್ 1, ಎಲ್ಲವೂ ಇದೇ ಜಾತಿ. ನಳಿಗೆ ಮಡಚುವ (ಕೀಲಿನ ಮೇಲೆ ನಳಿಗೆ ಕೆಳಗೆ ಬಾಗಿ ಬುಡ ತೆರೆದುಕೊಳ್ಳುವ) ರೈಫಲ್ಲುಗಳು ಅಗ್ಗ, ಹಗುರ, ಒಳ್ಳೆಯವೂ ಇವೆ. ಆದರೆ ಅವುಗಳಲ್ಲಿ ಕೀಲು ಸವೆಯುತ್ತದೆ. ಹಳೆಯದನ್ನು ಕೊಳ್ಳುವಾಗ ಚೇಂಬರ್ ಖಾಲಿ ಇದೆಯೇ ಎಂದು ನೋಡಿ, ನಳಿಗೆಯ ಕೆಳಗಿನ ಮರದ ಹಿಡಿಯನ್ನು ಬಿಚ್ಚಿ, ರೈಫಲ್ ಮುಚ್ಚಿ, ನಳಿಗೆಯನ್ನು ಅಡ್ಡಡ್ಡ ಅಲುಗಾಡಿಸಿ. ಹಿಡಿ ಇದ್ದಾಗ ಅದರ ಸ್ಪ್ರಿಂಗ್ ಸಡಿಲವನ್ನು ಮರೆಮಾಚುತ್ತದೆ, ಮಾರುವವರಿಗೆ ಇದು ಚೆನ್ನಾಗಿ ಗೊತ್ತು. ಕೈಗೆ ‘ಕಟಕಟ’ ತಾಕಿದರೆ ಎಷ್ಟೇ ಅಗ್ಗವಾದರೂ ಬಿಟ್ಟು ಬನ್ನಿ.

ಮಡಚುವ ರೈಫಲ್ಲೇ ಬೇಕೆಂದರೆ ಬುಡದಲ್ಲಿ ಅಂಚಿರುವ ತೋಟಾ ಆರಿಸಿ: 7×57 ಆರ್ ಅಥವಾ 7×65 ಆರ್. ಆ ಅಂಚನ್ನು ಹಿಡಿದು ಖಾಲಿ ತೋಟಾವನ್ನು ಹೊರಗೆಳೆಯುವುದು ಸುಲಭ. ಅಂಚಿಲ್ಲದ ತೋಟಾಕ್ಕೆ ಸ್ಪ್ರಿಂಗಿನ ಪುಟ್ಟ ಕೊಕ್ಕೆ ಬೇಕು. ಅದರೊಳಗೆ ಕೊಳೆ ಸೇರಿದರೆ ಜಾರುತ್ತದೆ, ಕಾಡಿನ ನಡುವೆ ನೀವು ಸಿಕ್ಕಿಕೊಂಡ ತೋಟಾವನ್ನು ಚಾಕುವಿನಿಂದ ಕೀಳುತ್ತಾ ಕೂರುತ್ತೀರಿ. ಫಾಲಿಂಗ್ ಬ್ಲಾಕ್ ಆಗಲಿ, ಮಡಚುವ ಸಿಂಗಲ್ ಶಾಟ್ ಆಗಲಿ, ಬೋಲ್ಟ್ ರೈಫಲ್ಲಿನಂತೆ ತೋಟಾವನ್ನು ಒತ್ತಿ ಕೂರಿಸುವ, ತಿರುಚಿ ಬಿಡಿಸುವ ಬಲ ಅದಕ್ಕಿಲ್ಲ. ತೋಟಾ ಹೆಬ್ಬೆರಳಿನ ಒತ್ತಡಕ್ಕೇ ಪೂರ್ತಿ ಒಳಗಿಳಿಯಬೇಕು. ತೋಟಾ ತಾವೇ ತುಂಬಿಕೊಳ್ಳುವವರು ಬೇಟೆಗೆ ಹೋಗುವ ಮುನ್ನ ಪ್ರತಿಯೊಂದನ್ನೂ ಮೈದಾನದಲ್ಲಿ, ನಳಿಗೆ ಸುರಕ್ಷಿತ ದಿಕ್ಕಿಗಿರುವಾಗ, ಹೀಗೆ ಇಳಿಸಿ ನೋಡಲಿ.

ಮೊದಲ ಗುಂಡು ಹಾರಿದ ಕೂಡಲೇ ಎರಡನೆಯದನ್ನು ತುಂಬಿ. ಪ್ರಾಣಿ ಬಿದ್ದರೂ ತುಂಬಿ. ಆ ತೋಟಾ ಜೇಬಿನ ತಳದಲ್ಲಿ ಇರಬಾರದು, ಮಣಿಕಟ್ಟಿನ ಪಟ್ಟಿಯಲ್ಲಿ ಇಲ್ಲವೇ ರೈಫಲ್ಲಿನ ಹಿಂಬದಿಯ ಪಟ್ಟಿಯಲ್ಲಿ, ಕಣ್ಣಿಟ್ಟು ಹುಡುಕದೆ ಕೈಗೆ ಸಿಗುವಂತಿರಬೇಕು.

ಪ್ರಶ್ನೆ: ದಪ್ಪ, ನಿಧಾನದ ಗುಂಡು ಪೊದೆಯನ್ನು ಸೀಳಿಕೊಂಡು ನೇರ ಹೋಗುತ್ತದಂತೆ, ನಿಜವೇ?

ಉತ್ತರ: ಸುಳ್ಳು. ಕಡ್ಡಿಗೆ ತಾಗಿದರೆ ಯಾವ ಗುಂಡೂ ದಾರಿ ತಪ್ಪಬಹುದು. ಪೊದೆಯ ಮೂಲಕ ಹಾರಿಸಲೇಬೇಡಿ.

ಪ್ರಶ್ನೆ: ಆಫ್ರಿಕದ ಹಳೆಯ ಆನೆ ಬೇಟೆಗಾರ ಡಬ್ಲ್ಯೂ.ಡಿ.ಎಂ. ಬೆಲ್ 7×57ರಲ್ಲೇ ನೂರಾರು ಆನೆ ಹೊಡೆದನಂತೆ. ಹಾಗಾದರೆ ಕಾಡುಹಂದಿಗೆ .22 ಹಾರ್ನೆಟ್ ಎಂಬ ಪುಟ್ಟ ತೋಟಾ ಸಾಕಲ್ಲವೇ?

ಉತ್ತರ: ಬೆಲ್ ಹೆಸರು ಹೇಳಿಕೊಂಡು ಬರುವ ಪತ್ರಗಳು ನನಗೆ ಸಾಕಾಗಿವೆ. ಆತ ಆನೆಯ ತಲೆಬುರುಡೆಯನ್ನು ಗರಗಸದಿಂದ ಕೊಯ್ದು ಮಿದುಳು ಎಲ್ಲಿದೆ ಎಂದು ಅಧ್ಯಯನ ಮಾಡಿದವನು, ಬಳಸಿದ್ದು ಪೂರ್ತಿ ಲೋಹದ ಕವಚದ ಗುಂಡು. ನೀವು ಕೊಯ್ದದ್ದು ಏನು? ಜರ್ಮನಿಯ ಕಾನೂನಿನಂತೆ ಹಂದಿ, ದೊಡ್ಡ ಜಿಂಕೆಗಳಿಗೆ ಕನಿಷ್ಠ 6.5 ಮಿಲಿಮೀಟರ್ ಕ್ಯಾಲಿಬರ್, ನೂರು ಮೀಟರಿನಲ್ಲಿ ಕನಿಷ್ಠ 2000 ಜೂಲ್ ಶಕ್ತಿ ಬೇಕು. ಹಾರ್ನೆಟ್ ಅದರ ಹತ್ತಿರಕ್ಕೂ ಬರುವುದಿಲ್ಲ. ನೀವಿರುವ ದೇಶದ ನಿಯಮ ಓದಿಕೊಳ್ಳಿ.

ಪ್ರಶ್ನೆ: ದೊಡ್ಡ ಕ್ಯಾಲಿಬರ್ ಪ್ರಾಣಿಯನ್ನು ನಿಂತಲ್ಲೇ ಎತ್ತಿ ಕೆಡವುತ್ತದೆಯೇ?

ಉತ್ತರ: ಅಷ್ಟು ಬಲ ಇದ್ದಿದ್ದರೆ ಹಾರಿಸಿದ ನೀವೂ ಹಿಂದಕ್ಕೆ ಹಾರಿ ಬೀಳಬೇಕಿತ್ತು.

ಪ್ರಶ್ನೆ: ನನ್ನ ಹಳೆಯ ಸಿಂಗಲ್ ಶಾಟ್ ರೈಫಲ್ಲಿನ ಚೇಂಬರ್ ಕೊರೆದು ಉದ್ದನೆಯ, ಹೆಚ್ಚು ಶಕ್ತಿಯ ತೋಟಾಕ್ಕೆ ಹೊಂದಿಸಿಕೊಡುತ್ತೇನೆ ಎಂದು ಒಬ್ಬ ರಿಪೇರಿಯವನು ಹೇಳುತ್ತಾನೆ. ಒಪ್ಪಲೇ?

ಉತ್ತರ: ಆ ರೈಫಲ್ಲಿನ ಉಕ್ಕು ಎಷ್ಟು ಒತ್ತಡ ತಾಳುತ್ತದೆ ಎಂದು ಅವನನ್ನು ಕೇಳಿ. .45-70ಕ್ಕೆ ಅಮೆರಿಕದಲ್ಲಿ ನಿಗದಿಯಾಗಿರುವ ಗರಿಷ್ಠ ಒತ್ತಡ ಚದರ ಅಂಗುಲಕ್ಕೆ 28,000 ಪೌಂಡ್, .308ಕ್ಕೆ 62,000. ಕೊರೆದು ಚೇಂಬರನ್ನು ದೊಡ್ಡದು ಮಾಡಬಹುದು, ಉಕ್ಕನ್ನು ಗಟ್ಟಿ ಮಾಡಲಾಗದು. ಇಂಥವರು ಕೈಯಲ್ಲಿ ಉಪಕರಣವಿದೆ ಎಂಬ ಒಂದೇ ಧೈರ್ಯದ ಮೇಲೆ ಇನ್ನೊಬ್ಬರ ಕಣ್ಣು, ಬೆರಳುಗಳನ್ನು ಪಣಕ್ಕಿಡುತ್ತಾರೆ. ಈಗಾಗಲೇ ಕೊರೆಸಿದ್ದರೆ ಆ ರೈಫಲ್‌ನಿಂದ ಇನ್ನೊಂದು ಗುಂಡೂ ಹಾರಿಸಬೇಡಿ. ಬಂದೂಕು ಒತ್ತಡ ತಾಳುತ್ತದೆಯೇ ಎಂದು ನೋಡುವ ಪ್ರಮಾಣಿತ ಪ್ರೂಫ್ ಪರೀಕ್ಷಾ ಕೇಂದ್ರಕ್ಕೆ ಒಯ್ಯಿರಿ.

ಪ್ರಶ್ನೆ: ಟ್ರಿಗರ್ ಎಳೆದರೂ ತೋಟಾ ಸಿಡಿಯದಿದ್ದರೆ ತಕ್ಷಣ ತೆರೆದು ನೋಡಬಹುದೇ?

ಉತ್ತರ: ಬೇಡವೇ ಬೇಡ. ನಳಿಗೆಯನ್ನು ಸುರಕ್ಷಿತ ದಿಕ್ಕಿಗೆ ಹಿಡಿದು ಕನಿಷ್ಠ ಮೂವತ್ತು ಸೆಕೆಂಡ್ ಕಾಯಿರಿ. ಕರಿಮದ್ದಿನ ತೋಟಾ ಆದರೆ ಇನ್ನೂ ಹೆಚ್ಚು. ಆಮೇಲೆ, ಮುಖವನ್ನು ಪಕ್ಕಕ್ಕೆ ಸರಿಸಿಕೊಂಡು ತೆರೆಯಿರಿ. ಆ ತೋಟಾವನ್ನು ಮತ್ತೆ ಚೇಂಬರಿಗೆ ಹಾಕಬೇಡಿ.