ಮಂಡ್ಯದಂಥ ಊರಿನ ಸಣ್ಣ ಆಸ್ಪತ್ರೆಗೆ ಡೇಟಾ ಅನಾಲಿಟಿಕ್ಸ್‌ನಿಂದ (ಅಂಕಿ-ಅಂಶ ಕಲೆಹಾಕಿ ವಿಶ್ಲೇಷಿಸುವುದರಿಂದ) ನಿಜಕ್ಕೂ ಉಪಯೋಗ ಇದೆಯಾ?

ಖಂಡಿತ ಇದೆ, ದುಬಾರಿ ಸಾಫ್ಟ್‌ವೇರೂ ಬೇಕಿಲ್ಲ. ಮೊದಲು ಒಂದೇ ಪ್ರಶ್ನೆ ಹಿಡಿಯಿರಿ: ಸಿಸೇರಿಯನ್ ಆದವರಲ್ಲಿ ಎಷ್ಟು ಜನರಿಗೆ ಹೊಲಿಗೆ ಕೀವಾಗುತ್ತಿದೆ? 100 ಆಪರೇಷನ್‌ಗೆ ಎಷ್ಟು ಅಂತ ತಿಂಗಳು ತಿಂಗಳೂ ಎಕ್ಸೆಲ್‌ನಲ್ಲಿ ಗ್ರಾಫ್ ಮಾಡಿ. ಡಿಸ್ಚಾರ್ಜ್ ಆದ ಮೇಲೂ 30 ದಿನದವರೆಗೆ ಫೋನ್ ಮಾಡಿ ವಿಚಾರಿಸಲೇಬೇಕು, ಯಾಕೆಂದರೆ ಮದ್ದೂರಿನಿಂದಲೋ ಪಾಂಡವಪುರದಿಂದಲೋ ಬಂದವರು ಕೀವಾದರೆ ಮನೆ ಹತ್ತಿರದ ಕ್ಲಿನಿಕ್‌ಗೇ ಹೋಗಿಬಿಡುತ್ತಾರೆ, ನಿಮ್ಮ ರಿಜಿಸ್ಟರ್‌ನಲ್ಲಿ ಮಾತ್ರ ಎಲ್ಲ ಚೆನ್ನಾಗಿದೆ ಅಂತಲೇ ಇರುತ್ತದೆ. ಗ್ರಾಫ್ ಏರಿದರೆ ಕೇಸ್ ಶೀಟ್ ತೆಗೆದು ನೋಡಿ. ಆಂಟಿಬಯೋಟಿಕ್ ಕೊಯ್ಯುವ ಮುಂಚೆ, ಒಂದು ಗಂಟೆಯೊಳಗೆ ಕೊಟ್ಟಿದ್ದಾರಾ? ಟೈಮ್ ಬರೆದೇ ಇಲ್ವಾ? ಸಾಮಾನ್ಯವಾಗಿ ಸುಳಿವು ಇಂಥ ಕಡೆಯೇ ಸಿಗುತ್ತದೆ.

ಇದೇನು ಹೊಸ ವಿದ್ಯೆಯಲ್ಲ. 1847ರಲ್ಲಿ ವಿಯೆನ್ನಾದ ಡಾಕ್ಟರ್ ಸೆಮ್ಮೆಲ್‌ವೈಸ್ ಎರಡು ಹೆರಿಗೆ ವಾರ್ಡ್‌ಗಳ ಸಾವಿನ ಲೆಕ್ಕ ಹೋಲಿಸಿ, ಸಾವು ಹೆಚ್ಚಿದ್ದ ವಾರ್ಡ್‌ನಲ್ಲಿ ಡಾಕ್ಟರ್‌ಗಳಿಗೆ ಕ್ಲೋರಿನ್ ನೀರಲ್ಲಿ ಕೈ ತೊಳೆಸಿದರು. ಆ ವಾರ್ಡ್‌ನಲ್ಲಿ ಏಪ್ರಿಲ್‌ನಲ್ಲಿ ಶೇ. 18ರಷ್ಟಿದ್ದ ಸಾವು ಜೂನ್‌ಗೆ ಶೇ. 2ರ ಆಸುಪಾಸಿಗೆ ಇಳಿಯಿತು.

ಓಪಿಡಿ ಕಾಯುವಿಕೆಗೂ ಇದೇ ದಾರಿ: ಚೀಟಿ ಕೊಟ್ಟ ಸಮಯ, ಡಾಕ್ಟರ್ ನೋಡಿದ ಸಮಯ, ಎರಡು ಸಾಕು. ಇನ್ನೊಂದು ಮಾತು, ಅಂಕಿ ಹಿಡಿದು ನರ್ಸ್‌ಗಳನ್ನು ಬೈಯಬೇಡಿ. ಬೈದರೆ ಮುಂದಿನ ತಿಂಗಳಿಂದ ಯಾರೂ ನಿಜ ಬರೆಯುವುದಿಲ್ಲ.