ಬಾಲ್ಯದಲ್ಲಿ ಆಡಿದ ಹಳೇ ಸ್ಪೋರ್ಟ್ಸ್ ವಿಡಿಯೋ ಗೇಮ್‌ಗಳಲ್ಲಿ ನಿಮಗೆ ಇವತ್ತಿಗೂ ಮರೆಯದ್ದು ಯಾವುದು? ಈಗ ಆಡಿದರೆ ಅದೇ ಮಜಾ ಸಿಗುತ್ತದೆಯೇ?

ಈ ಪ್ರಶ್ನೆಗೆ ತುಂಬಾ ಜನ 'ಕ್ರಿಕೆಟ್ 07' ಅನ್ನುತ್ತಾರೆ, ಗೊತ್ತು. ಅದು ಬರುವ ಹೊತ್ತಿಗೆ ನಾನು ನೌಕರಿಗೆ ಸೇರಿ ಆಗಿತ್ತು. ನನ್ನದು ಎಕ್ಸೈಟ್‌ಬೈಕ್. ನಿಂಟೆಂಡೋ 1984ರಲ್ಲಿ ಜಪಾನಿನಲ್ಲಿ ಬಿಟ್ಟ ಮೋಟರ್‌ಸೈಕಲ್ ರೇಸು. ಮುಂಬೈಯ ಮುಲುಂಡಿನ ನಮ್ಮ ಒಂದು ರೂಮು-ಕಿಚನ್ ಮನೆಗೆ ಅದು ಬಂದು ಮುಟ್ಟಿದ್ದು 1996ರಲ್ಲಿ, ಅದೂ ನಿಂಟೆಂಡೋ ಯಂತ್ರದ ನಕಲಿ ಸೆಟ್ಟಿನ ಹೊಟ್ಟೆಯಲ್ಲಿ.

ಅಪ್ಪ ಫೋರ್ಟಿನ ಒಂದು ಉಡುಪಿ ಹೋಟೆಲಿನಲ್ಲಿ ಗಲ್ಲೆಯ ಮೇಲೆ ಕೂರುತ್ತಿದ್ದರು. ಒಂದು ರಾತ್ರಿ ಕ್ರಾಫರ್ಡ್ ಮಾರ್ಕೆಟ್ ಕಡೆಯಿಂದ ಆ ಸೆಟ್ ಹಿಡಿದುಕೊಂಡು ಬಂದರು. ಜತೆಗಿದ್ದ ಹಳದಿ ಕ್ಯಾಸೆಟ್ಟಿನ ಮೇಲೆ '9999 ಇನ್ 1' ಎಂದು ಬರೆದಿತ್ತು. ಅಕ್ಕ ಎರಡು ದಿನ ಕೂತು ಎಣಿಸಿದಳು. ಇಪ್ಪತ್ತು ಚಿಲ್ಲರೆ ಆಟ, ಉಳಿದದ್ದೆಲ್ಲ ಅವೇ ಹೆಸರು ಬದಲಿಸಿಕೊಂಡು ಬಂದವು.

ಅದರಲ್ಲಿ ಕ್ರಿಕೆಟ್ ಇರಲಿಲ್ಲ. ಮುಂಬೈ ಹುಡುಗರಿಗೆ ಇದಕ್ಕಿಂತ ದೊಡ್ಡ ಅನ್ಯಾಯ ಉಂಟೇ? ಹಾಗಾಗಿ ಬೇಸ್‌ಬಾಲನ್ನೇ ಕ್ರಿಕೆಟ್ ಮಾಡಿಕೊಂಡೆವು. ಆರು ಬಾಲಿಗೆ ಒಂದು ಓವರ್, ಗೋಡೆ ದಾಟಿದರೆ ಸಿಕ್ಸರ್, ಉಳಿದ ಬೇಸು-ಗೀಸು ನಮಗೆ ಲೆಕ್ಕಕ್ಕಿಲ್ಲ. 1992ರಲ್ಲೇ ಆಸ್ಟ್ರೇಲಿಯಾದಲ್ಲಿ ಇದೇ ಯಂತ್ರಕ್ಕೆ 'ಇಂಟರ್‌ನ್ಯಾಷನಲ್ ಕ್ರಿಕೆಟ್' ಎಂಬ ಆಟ ಬಂದಿತ್ತಂತೆ. ಅದನ್ನು ಓದಿದ ದಿನ ನಿಜಕ್ಕೂ ಹೊಟ್ಟೆ ಉರಿಯಿತು. ಇನ್ನು ಟೆನಿಸ್. ಅಂಪೈರ್ ಕುರ್ಚಿಯಲ್ಲಿ ಮೀಸೆಯ ಮಾರಿಯೋ ಕೂತಿರುತ್ತಿದ್ದ. ಇಬ್ಬರು ಆಡಿದರೆ ಎದುರುಬದುರು ಆಡುವ ಹಾಗಿಲ್ಲ, ಇಬ್ಬರೂ ಒಂದೇ ಕಡೆ ನಿಂತು ಕಂಪ್ಯೂಟರಿನ ಮೇಲೆ ಡಬಲ್ಸ್ ಆಡಬೇಕು. ಅಕ್ಕ-ತಮ್ಮ ಜಗಳವಾಡದೆ ಆಡಿದ್ದು ಅದೊಂದೇ. ಸೋತ ಮೇಲೆ ಯಾರ ತಪ್ಪು ಎಂಬ ಜಗಳ ಬೇರೆ.

ಎಕ್ಸೈಟ್‌ಬೈಕಿಗೆ ಬರುತ್ತೇನೆ. ನೋಡಲು ಏನೂ ಇಲ್ಲ: ನಾಲ್ಕು ಲೇನು, ಮಣ್ಣಿನ ದಿಬ್ಬಗಳು, ಪಕ್ಕದಲ್ಲಿ ಜನ. ಆದರೆ ಒಳಗೆ ಒಂದು ಲೆಕ್ಕ ಇದೆ. 'ಎ' ಒತ್ತಿದರೆ ಮಾಮೂಲಿ ಓಟ, 'ಬಿ' ಒತ್ತಿದರೆ ಟರ್ಬೋ. ಟರ್ಬೋ ಒತ್ತಿ ಹಿಡಿದರೆ ಕೆಳಗಿನ ಪಟ್ಟಿಯಲ್ಲಿ ಇಂಜಿನ್ ಬಿಸಿ ಏರುತ್ತಾ ಹೋಗುತ್ತದೆ. ತುಂಬಿತೋ, ಗಾಡಿ ಬದಿಗೆ ಹೋಗಿ ನಿಂತುಬಿಡುತ್ತದೆ, ತಣ್ಣಗಾಗುವ ತನಕ ಮಿಕ್ಕವರು ಹೋಗುವುದನ್ನು ನೋಡುತ್ತಾ ಕೂರಬೇಕು. ನೆಲದ ಮೇಲೆ ಅಲ್ಲಲ್ಲಿ ಬಾಣದ ಗುರುತು, ಅದರ ಮೇಲೆ ಹಾಯ್ದರೆ ಬಿಸಿ ಇಳಿಯುತ್ತದೆ. ಗಾಳಿಯಲ್ಲಿದ್ದಾಗ ಮುಂದಿನ ಚಕ್ರ ಎತ್ತಿ ಇಳಿಸಿ, ದಿಬ್ಬದ ಇಳಿಜಾರಿಗೆ ಸರಿಯಾಗಿ ಚಕ್ರ ಕೂರಿಸಬೇಕು. ಮುಂದಿನವನ ಹಿಂದಿನ ಚಕ್ರಕ್ಕೆ ನೀನು ತಾಗಿದರೆ ನೀನು ಬೀಳುತ್ತಿ, ನಿನ್ನ ಹಿಂದಿನ ಚಕ್ರಕ್ಕೆ ಅವನು ತಾಗಿದರೆ ಅವನು. ಇಷ್ಟೇ ನಿಯಮ. ಇಷ್ಟರಲ್ಲೇ ಒಂದು ಇಡೀ ಬೇಸಿಗೆ ರಜೆ ಹೋಯಿತು.

ಮೆನುವಿನಲ್ಲಿ 'ಡಿಸೈನ್' ಎಂದಿತ್ತು. ನಾವೇ ಟ್ರ್ಯಾಕ್ ಕಟ್ಟಬಹುದು. ಪ್ರತಿ ದಿಬ್ಬಕ್ಕೂ ಹೊಂಡಕ್ಕೂ ಒಂದೊಂದು ಇಂಗ್ಲಿಷ್ ಅಕ್ಷರ, ಗಾಡಿಯನ್ನು ಮುಂದೆ ಸರಿಸುತ್ತಾ ಬೇಕಾದಲ್ಲಿ ಬೇಕಾದ ಅಕ್ಷರ ಇಡುವುದು. ಅದರ ಕೆಳಗೆ 'ಸೇವ್', 'ಲೋಡ್'. ಅರ್ಧ ದಿನ ಕೂತು ಕಟ್ಟಿದ ಟ್ರ್ಯಾಕನ್ನು ಸೇವ್ ಒತ್ತಿ ಉಳಿಸಿ, ಊಟ ಮಾಡಿ ಬಂದು ನೋಡಿದರೆ ಏನೂ ಇಲ್ಲ. ಕ್ಯಾಸೆಟ್ಟಿಗೆ ಊದಿದೆವು. ಅಡಾಪ್ಟರ್ ಬಿಸಿಯಾಗಿದೆ ಎಂದು ಫ್ಯಾನಿನ ಕೆಳಗಿಟ್ಟೆವು. ಕೊನೆಗೆ ಅಪ್ಪ ಅಂಗಡಿಗೆ ಹೋಗಿ ಕೇಳಿದರೆ ಅಂಗಡಿಯವ, "ಜಪಾನ್ ಕಾ ಮಾಲ್ ಹೈ, ಜಪಾನ್ ಜಾಕೇ ಪೂಛೋ" ಎಂದನಂತೆ. ಅಪ್ಪ ಆ ಬೇಸರಕ್ಕೆ ಒಂದು ವಾರ ಸೆಟ್ಟನ್ನು ಬೀರುವಿನ ಮೇಲಿಟ್ಟರು.

ಆತ ಹೇಳಿದ್ದು ಸತ್ಯ! ಸೇವ್ ಆಗಬೇಕಾದರೆ ಫ್ಯಾಮಿಕಾಮ್ (ಆ ನಿಂಟೆಂಡೋ ಯಂತ್ರದ ಜಪಾನಿ ಹೆಸರು) ಡೇಟಾ ರೆಕಾರ್ಡರ್ ಎಂಬ ಟೇಪ್ ರೆಕಾರ್ಡರ್ ಬೇಕಿತ್ತು. ಅದನ್ನು ಜೋಡಿಸಲು ಬೇರೆ ಕೀಬೋರ್ಡ್. ಹಾಡು ಕೇಳುವಂಥ ಮಾಮೂಲಿ ಟೇಪಿನಲ್ಲೇ ಟ್ರ್ಯಾಕ್ ಉಳಿಯುತ್ತಿತ್ತು. ಜಪಾನ್ ಬಿಟ್ಟು ಹೊರಗೆ ಅದನ್ನು ಮಾರಲೇ ಇಲ್ಲ. ಅಮೆರಿಕದಲ್ಲಿ ಮಾರಿದ ಆಟದ ಕೈಪಿಡಿಯಲ್ಲೂ ಸೇವ್-ಲೋಡ್ ಕೆಲಸ ಮಾಡುವುದಿಲ್ಲ ಎಂದೇ ಬರೆದಿತ್ತು. ನಮಗೆ ಕೈಪಿಡಿ ಯಾರು ಕೊಡಬೇಕು? ಟಿವಿಯ ಪಕ್ಕದಲ್ಲೇ ಅಪ್ಪನ ಟೇಪ್ ರೆಕಾರ್ಡರ್, ಅದರ ಮೇಲೆ ಯಕ್ಷಗಾನದ ಕ್ಯಾಸೆಟ್ಟುಗಳ ರಾಶಿ ಇತ್ತು ಎಂಬುದು ನೆನಪಾದರೆ ಈಗಲೂ ನಗು ಬರುತ್ತದೆ.

ಅಕ್ಕ ಅದಕ್ಕೊಂದು ಉಪಾಯ ಮಾಡಿದಳು. ನನ್ನ ಗಣಿತದ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಟ್ರ್ಯಾಕನ್ನು ಬರೆದಿಟ್ಟಳು. 'ಎ ಭಾಂ, ಸಿ ಘಾ, ಸಿ ಭಾಂ, ಎಫ್ ಕು' ಹೀಗೆ ಸಾಲುಗಟ್ಟಲೆ. ಅಪ್ಪನ ಕಣ್ಣಿಗೆ ಬಿದ್ದಾಗ ಮಟ್ಕಾ ಚೀಟಿ ಎಂದುಕೊಂಡು ನನ್ನ ಕಿವಿ ಹಿಂಡಿದರು. "ಅಂಕಿ ಇಲ್ಲದ ಮಟ್ಕಾ ಎಲ್ಲಿ ಉಂಟು ಅಪ್ಪಾ?" ಎಂದು ಕೇಳಿದ್ದಕ್ಕೆ ಅಕ್ಕನಿಗೂ ಎರಡು ಬಿತ್ತು, ಮಟ್ಕಾದಲ್ಲಿ ಅಂಕಿ ಇರುತ್ತದೆಂದು ನಿನಗೆ ಹೇಗೆ ಗೊತ್ತು ಎಂದು.

ಈಗ ನಿಮ್ಮ ಎರಡನೇ ಪ್ರಶ್ನೆ. ಆಡಿದೆ, ಕಳೆದ ದೀಪಾವಳಿಗೆ. ದುಬೈಯಿಂದ ಭಾವ ನನ್ನ ಮಗಳಿಗೆಂದು ನಿಂಟೆಂಡೋದ 'ಸ್ವಿಚ್' ಎಂಬ ಗೇಮ್ ಸೆಟ್ ತಂದುಕೊಟ್ಟಿದ್ದರು, ಅದರ ಹಳೇ ಆಟಗಳ ಪಟ್ಟಿಯಲ್ಲಿ ಎಕ್ಸೈಟ್‌ಬೈಕ್ ಇದೆ. ಮೊದಲ ಅರ್ಧ ಗಂಟೆ ಬರೀ ಬಿದ್ದೆ. ವಯಸ್ಸಾಯಿತು ಎಂದುಕೊಂಡೆ, ಸ್ವಲ್ಪ ಟಿವಿಯ ತಪ್ಪೂ ಇದೆ. ಹಳೇ ಪಿಕ್ಚರ್ ಟ್ಯೂಬಿನಲ್ಲಿ ಒತ್ತಿದ ತಕ್ಷಣ ಆಗುತ್ತಿತ್ತು. ಈಗಿನ ಟಿವಿ ಚಿತ್ರವನ್ನು ಚಂದ ಮಾಡಿ ತೋರಿಸಲು ಹೋಗಿ ಕೊಂಚ ತಡ ಮಾಡುತ್ತದೆ. ನೀವೂ ಆಡುವುದಾದರೆ ಸೆಟ್ಟಿಂಗಿನಲ್ಲಿ 'ಗೇಮ್ ಮೋಡ್' ಹಾಕಿಕೊಳ್ಳಿ, ಬಹಳ ವ್ಯತ್ಯಾಸ ಆಗುತ್ತದೆ. ಮಜಾ ಅದೇ ಅಲ್ಲ, ಆದರೆ ಇದೆ. ಟೆನಿಸ್ ಮಾತ್ರ ಹತ್ತೇ ನಿಮಿಷಕ್ಕೆ ಬೋರಾಯಿತು.

ಲಾಫ್ಟಿನಿಂದ ಆ ನೋಟ್‌ಬುಕ್ ತೆಗೆದೆ. ಅಕ್ಷರವೇನೋ ಗೊತ್ತಾಯಿತು, 'ಭಾಂ', 'ಘಾ', 'ಕು' ಏನೆಂದು ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. ಫೋಟೋ ತೆಗೆದು ಅಕ್ಕನಿಗೆ ವಾಟ್ಸಾಪ್ ಮಾಡಿದೆ. ಎರಡೇ ನಿಮಿಷಕ್ಕೆ ಉತ್ತರ ಬಂತು: "ಸ್ಟೇಶನ್ ಮಾರಾಯಾ! ಭಾಂಡುಪ್, ಘಾಟ್‌ಕೋಪರ್, ಕುರ್ಲಾ. ಪ್ರತೀ ಸಲ ಮುಲುಂಡಿನಿಂದ ಶುರು ಮಾಡಿ ಸ್ಲೋ ಲೋಕಲಿನ ಹಾಗೆ ಹೇಳ್ತಾ ಹೋಗುವುದು, ಆ ಸ್ಟೇಶನ್ ಬಂದಾಗ ದಿಬ್ಬ ಇಡುವುದು."

ರಿಮೋಟ್ ನಾನು ಹಿಡಿದೆ, ಸ್ಟೇಶನ್ ಹೇಳುವ ಕೆಲಸ ಮಗಳಿಗೆ. ಇಡೀ ಟ್ರ್ಯಾಕ್ ಕಟ್ಟಿ ಓಡಿಸಿದರೆ ಒಂದು ನೆಗೆತವೂ ಕೂಡುತ್ತಿಲ್ಲ, ದಿಬ್ಬಗಳೆಲ್ಲ ಒಂದು ಗೇಣು ಆಚೆ. ಮತ್ತೆ ಕಟ್ಟಿದೆವು, ಮತ್ತೆ ಹಾಗೇ. ಮೂರನೇ ಸಲ ಅವಳು ಹೇಳುವುದನ್ನು ಕಿವಿಗೊಟ್ಟು ಕೇಳಿದೆ.

"ಮುಲುಂಡ್, ನಾಹೂರ್, ಭಾಂಡುಪ್..."

ನಾಹೂರ್ ಸ್ಟೇಶನ್ ಆದದ್ದು 2006ರಲ್ಲಿ. "ಅದನ್ನು ಬಿಟ್ಟು ಹೇಳು ಪುಟ್ಟಾ" ಎಂದೆ. "ಪಪ್ಪಾ, ಟ್ರೇನ್ ಅಲ್ಲಿ ನಿಲ್ಲುತ್ತಲ್ಲ?" ಎಂದಳು.