250, 300, 375 ಸಿಸಿ: ಬ್ರೆಸ್ಟ್ ಇಂಪ್ಲಾಂಟ್‌ನಲ್ಲಿ ನನಗೆ ಯಾವ ಸೈಜ್ ಸರಿ ಹೋಗುತ್ತದೆ?

ಬ್ರೆಸ್ಟ್ ಇಂಪ್ಲಾಂಟ್, ಅಂದರೆ ಎದೆ ತುಂಬಿಕೊಂಡು ಕಾಣಲು ಆಪರೇಷನ್ ಮಾಡಿ ಒಳಗಿಡುವ ಮೆತ್ತನೆ ಚೀಲ, ಅದರ ಸೈಜ್ ಬಗ್ಗೆ ನಿಮ್ಮ ಪ್ರಶ್ನೆಯಲ್ಲಿ ಮೂರು ನಂಬರ್ ಇವೆ. ಒಬ್ಬ ಡಾಕ್ಟರ್ 250 ಸಿಸಿ ಅಂದಿದ್ದಾರೆ, ಇನ್ನೊಬ್ಬರು 300 ಅಂದಿದ್ದಾರೆ, ನಿಮ್ಮ ಗೆಳತಿ 375 ಹಾಕಿಸಿಕೊಂಡು ಚೆನ್ನಾಗಿ ಕಾಣುತ್ತಿದ್ದಾಳೆ. ನಿಮಗೆ ಎರಡು ಹೆರಿಗೆ ಆಗಿದೆ, ಹಾಲು ಬಿಡಿಸಿದ ಮೇಲೆ ಎದೆ ಬತ್ತಿ ಸಡಿಲವಾಗಿದೆ, ಮೈ ತೆಳ್ಳಗೆ, ತೂಕ 49 ಕೆಜಿ. ಸಿ ಕಪ್ ಬರಬೇಕು, ಯಾವುದನ್ನು ಆರಿಸಲಿ ಅಂತ ಕೇಳಿದ್ದೀರಿ.

ನಾನು ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಪ್ಲಾಸ್ಟಿಕ್ ಸರ್ಜರಿ ವಿಭಾಗದ ನರ್ಸ್. ಅಳತೆ ತೆಗೆಯುವಾಗಲೂ, ಆಪರೇಷನ್ ಥಿಯೇಟರ್‌ನಲ್ಲೂ ಪಕ್ಕದಲ್ಲೇ ಇರುತ್ತೇನೆ. ನಿಮಗೆ ಇಂಥದ್ದೇ ಸೈಜ್ ಅಂತ ನಾನು ಹೇಳಲಾರೆ, ಅದು ನಿಮ್ಮನ್ನು ಪರೀಕ್ಷೆ ಮಾಡಿದವರು ಹೇಳಬೇಕಾದ ಮಾತು. ಆದರೆ ಆ ನಂಬರ್ ಎಲ್ಲಿಂದ ಬರುತ್ತದೆ ಅನ್ನೋದನ್ನು ಹೇಳಬಲ್ಲೆ.

ಮೊದಲು ಗೆಳತಿಯ 375 ಅನ್ನು ತಲೆಯಿಂದ ತೆಗೆದುಬಿಡಿ. ಸಿಸಿ ಅಂದರೆ ಇಂಪ್ಲಾಂಟ್ ಎಷ್ಟು ಮಿಲಿಲೀಟರ್‌ನದ್ದು ಅನ್ನೋ ಲೆಕ್ಕ, ಅಷ್ಟೇ. ಅಗಲ ಎದೆಯ, ಎತ್ತರದ ಹೆಂಗಸಿಗೆ 375 ಹಾಕಿದ್ದು ನೋಡಿದವರಿಗೆ ಗೊತ್ತೇ ಆಗದಿರಬಹುದು. ಸಣ್ಣ ಮೈಗೆ ಅದೇ ಭಾರವಾಗಿ ಕಾಣಬಹುದು. ಕಪ್ ಸೈಜ್ ನಂಬೋದೂ ಕಷ್ಟ. 32 ಸಿ ಮತ್ತು 38 ಸಿ ಒಂದೇ ಗಾತ್ರದ್ದಲ್ಲ, ಒಂದು ಬ್ರಾ ಕಂಪನಿಯ ಸಿ ಇನ್ನೊಂದರಲ್ಲಿ ಡಿ ಆಗಿರಬಹುದು. ಹಾಗಾಗಿ ಸಿ ಕಪ್ ಬಂದೇ ಬರುತ್ತದೆ ಅಂತ ಯಾರಾದರೂ ಗ್ಯಾರಂಟಿ ಕೊಟ್ಟರೆ ಸ್ವಲ್ಪ ಹುಷಾರಾಗಿರಿ. ಅದರ ಬದಲು ನಿಮಗೆ ಇಷ್ಟವಾದ ಮೂರ್ನಾಲ್ಕು ಫೋಟೊ ಇಟ್ಟುಕೊಂಡು ಹೋಗಿ. ಇಷ್ಟವಾಗದ ಒಂದೆರಡು ಫೋಟೊಗಳೂ ಇರಲಿ, ಅವು ಯಾಕೆ ಬೇಡ ಅಂತ ಹೇಳಿ. ಡಾಕ್ಟರಿಗೆ ಅದರಿಂದಲೇ ಜಾಸ್ತಿ ತಿಳಿಯುತ್ತದೆ.

ಇನ್ನು ಅಳತೆಯ ವಿಷಯ. ನಿಮ್ಮನ್ನು ನೆಟ್ಟಗೆ ನಿಲ್ಲಿಸಿ, ಸ್ತನದ ಬುಡ ಒಳಗಿನ ಅಂಚಿನಿಂದ ಕಂಕುಳ ಕಡೆಯ ಅಂಚಿನವರೆಗೆ ಎಷ್ಟು ಅಗಲ ಇದೆ ಅಂತ ಕ್ಯಾಲಿಪರ್ (ಎರಡು ಅಂಚಿನ ನಡುವಿನ ದೂರ ಅಳೆಯೋ ಸಾಧನ) ಇಟ್ಟು ನೋಡುತ್ತಾರೆ. ಎಲ್ಲಕ್ಕಿಂತ ಮುಖ್ಯವಾದ ಅಳತೆ ಇದೇ. ಇಂಪ್ಲಾಂಟ್ ಈ ಅಗಲದ ಒಳಗೆ ಕೂರಬೇಕು. ನಿಮ್ಮದು 12 ಸೆಂ.ಮೀ. ಇದ್ದರೆ ಇಂಪ್ಲಾಂಟ್ ಅದಕ್ಕಿಂತ ಸ್ವಲ್ಪ ಕಮ್ಮಿ ಅಗಲದ್ದಿರಬೇಕು, ಯಾಕೆಂದರೆ ಅಂಚನ್ನು ಮುಚ್ಚೋಕೆ ನಿಮ್ಮದೇ ಮಾಂಸ ಸ್ವಲ್ಪ ಬೇಕು. ಆಮೇಲೆ ಸ್ತನದ ಮೇಲ್ಭಾಗವನ್ನು ಎರಡು ಬೆರಳಲ್ಲಿ ಚಿವುಟಿ ಹಿಡಿದು ದಪ್ಪ ಅಳೆಯುತ್ತಾರೆ. 2 ಸೆಂ.ಮೀ.ಗಿಂತ ಕಮ್ಮಿ ಇದ್ದರೆ ಸಾಮಾನ್ಯವಾಗಿ ಇಂಪ್ಲಾಂಟ್ ಅನ್ನು ಎದೆಯ ಸ್ನಾಯುವಿನ ಕೆಳಗೆ ಇಡುವ ಯೋಚನೆ ಮಾಡುತ್ತಾರೆ. ಚರ್ಮವನ್ನು ಮುಂದಕ್ಕೆ ಎಳೆದರೆ ಎಷ್ಟು ಹಿಗ್ಗುತ್ತದೆ, ತೊಟ್ಟಿನಿಂದ ಕೆಳಗಿನ ಮಡಿಕೆಗೆ ಎಷ್ಟು ದೂರ ಅನ್ನೋದನ್ನೂ ನೋಡುತ್ತಾರೆ.

ನಿಮ್ಮ ಗೊಂದಲದ ಗಂಟು ಇರೋದು ಪ್ರೊಫೈಲ್‌ನಲ್ಲಿ ಅನ್ನಿಸುತ್ತದೆ. ಒಂದೇ ಅಗಲದ ಇಂಪ್ಲಾಂಟ್ ಬೇರೆ ಬೇರೆ ಉಬ್ಬಿನಲ್ಲಿ ಸಿಗುತ್ತದೆ: ಲೋ, ಮಾಡರೇಟ್, ಹೈ ಅಂತ. ಉಬ್ಬು ಜಾಸ್ತಿಯಾದ ಹಾಗೆ ಸಿಸಿಯೂ ಏರುತ್ತದೆ, ಅಗಲ ಮಾತ್ರ ಅಷ್ಟೇ ಇರುತ್ತದೆ. ಅಂದರೆ ಒಬ್ಬರು ಹೇಳಿದ 250 ಮಾಡರೇಟ್, ಇನ್ನೊಬ್ಬರು ಹೇಳಿದ 300 ಹೈ ಆಗಿದ್ದರೆ ಇಬ್ಬರ ಅಳತೆಯೂ ಒಂದೇ ಇರಬಹುದು. ವ್ಯತ್ಯಾಸ ಬರೀ ಮುಂದಕ್ಕೆ ಎಷ್ಟು ಉಬ್ಬಬೇಕು ಅನ್ನೋದರಲ್ಲಿ. 50 ಸಿಸಿ ಅಂದರೆ ಮೂರು ಟೇಬಲ್ ಚಮಚಕ್ಕಿಂತ ಸ್ವಲ್ಪ ಜಾಸ್ತಿ. ಅಷ್ಟಕ್ಕೆ ನಿದ್ದೆಗೆಡಬೇಡಿ.

'ಹೇಗೂ ದುಡ್ಡು ಹಾಕ್ತೀರಿ, ಒಂದು ಸೈಜ್ ದೊಡ್ಡದೇ ಹಾಕಿಸಿ, ಆಮೇಲೆ ಚಿಕ್ಕದಾಯ್ತು ಅನ್ನಿಸುತ್ತೆ' ಅಂತ ಹೇಳೋರು ತುಂಬಾ ಜನ ಸಿಗುತ್ತಾರೆ. ನಿಮ್ಮಂಥ ತೆಳ್ಳಗಿನ ಮೈಗೆ, ಹೆರಿಗೆಯಾಗಿ ಚರ್ಮ ಸಡಿಲವಾದವರಿಗೆ ಈ ಮಾತು ನಾನು ಒಪ್ಪೋದಿಲ್ಲ. 375 ಸಿಸಿ ಸಿಲಿಕೋನ್ ಇಂಪ್ಲಾಂಟ್ ಹತ್ತಿರ ಹತ್ತಿರ 375 ಗ್ರಾಂ ತೂಗುತ್ತದೆ, ಎರಡೂ ಸೇರಿ ಮುಕ್ಕಾಲು ಕೆಜಿ. ಆ ಭಾರವನ್ನು ಹೊರೋದು ನಿಮ್ಮ ಚರ್ಮ. ವರ್ಷಗಳು ಕಳೆದ ಹಾಗೆ ಅದು ಇನ್ನಷ್ಟು ಹಿಗ್ಗುತ್ತದೆ, ಮೇಲಿನ ಮಾಂಸ ತೆಳುವಾಗುತ್ತದೆ, ಅಂಚು ಕೈಗೆ ಸಿಗುತ್ತದೆ, ಬಗ್ಗಿದಾಗ ಸುಕ್ಕು ಕಾಣುತ್ತದೆ. ಇಂಪ್ಲಾಂಟ್ ಕೆಳಗೆ ಜಾರಿ ತೊಟ್ಟು ಮೇಲಕ್ಕೆ ನೋಡೋ ಹಾಗೆ ಆಗುವುದೂ ಉಂಟು. ಇಂಪ್ಲಾಂಟ್ ಜೀವನಪೂರ್ತಿ ಬರೋ ವಸ್ತು ಅಲ್ಲ. ಮುಂದೆ ತೆಗೆಸಬೇಕು ಅಥವಾ ಬದಲಿಸಬೇಕು ಅನ್ನೋ ದಿನಕ್ಕೆ ಚರ್ಮ ಗಟ್ಟಿಯಾಗಿ ಉಳಿದಿರಬೇಕು ಅಲ್ವಾ?

ಇನ್ನೊಂದು ವಿಷಯ ನಿಮ್ಮ ಇಬ್ಬರು ಡಾಕ್ಟರೂ ಹೇಳಿದ್ದಾರೋ ಇಲ್ಲವೋ. ತೊಟ್ಟು ಸ್ತನದ ಕೆಳಗಿನ ಮಡಿಕೆಗಿಂತ ಕೆಳಗೆ ಇಳಿದಿದ್ದರೆ ಬರೀ ಇಂಪ್ಲಾಂಟ್‌ನಿಂದ ಅದು ಮೇಲೆ ಬರೋದಿಲ್ಲ. ಚರ್ಮ ಕತ್ತರಿಸಿ ಎತ್ತಿ ಕಟ್ಟುವ ಲಿಫ್ಟ್ ಕೂಡ ಬೇಕಾಗುತ್ತದೆ. ಲಿಫ್ಟ್‌ನ ಗಾಯದ ಗುರುತಿಗೆ ಹೆದರಿ, ಸಡಿಲ ಚರ್ಮವನ್ನು ತುಂಬೋಕೆ ದೊಡ್ಡ ಇಂಪ್ಲಾಂಟ್ ಕೇಳುವವರನ್ನು ನೋಡಿದಾಗ ನನಗೆ ನಿಜವಾಗಿ ಸಂಕಟವಾಗುತ್ತದೆ. ಹಾಲು ಬಿಡಿಸಿ ಮೂರರಿಂದ ಆರು ತಿಂಗಳಾದರೂ ಆಗಿರಲಿ, ತೂಕ ಒಂದೇ ಸಮ ಇರಲಿ. ಅಲ್ಲಿಯವರೆಗೆ ಸ್ತನದ ಗಾತ್ರವೇ ನಿಂತಿರೋದಿಲ್ಲ, ಅಳತೆ ಏನು ಮಾಡೋದು?

ಟ್ರಯಲ್ ಖಂಡಿತ ಮಾಡಿ. ಕ್ಲಿನಿಕ್‌ನಲ್ಲಿ ಸೈಜರ್ (ಬೇರೆ ಬೇರೆ ಸೈಜ್‌ನ ಟ್ರಯಲ್ ಇಂಪ್ಲಾಂಟ್) ಇರುತ್ತವೆ, ಕಪ್ ಇಲ್ಲದ ಮೆತ್ತನೆ ಸ್ಪೋರ್ಟ್ಸ್ ಬ್ರಾ ಒಳಗೆ ಇಟ್ಟು ಮೇಲೆ ಬಿಗಿ ಟೀ ಶರ್ಟ್ ಹಾಕಿಕೊಳ್ಳಿ. ನೀವು ದಿನಾ ಹಾಕೋ ಕುರ್ತಾ, ಸೀರೆ ಉಡೋರಾದರೆ ಸ್ವಲ್ಪ ಸಡಿಲ ಬ್ಲೌಸ್ ಕೂಡ ತೆಗೆದುಕೊಂಡು ಹೋಗಿ. ಕನ್ನಡಿ ಮುಂದೆ ಬರೀ ಎದುರಿಂದ ನೋಡಬೇಡಿ, ಪಕ್ಕದಿಂದಲೂ ನೋಡಿ, ಬಗ್ಗಿ, ಮೆಟ್ಟಿಲು ಹತ್ತಿ. ಮನೆಯಲ್ಲಿ ಮಾಡೋದಾದರೆ ಅಳತೆ ಜಗ್‌ನಲ್ಲಿ 250 ಮಿಲಿ ಗುರುತಿನವರೆಗೆ ಅಕ್ಕಿ ಹಾಕಿ, ತೆಳು ಕಾಲುಚೀಲದಲ್ಲಿ ಕಟ್ಟಿ, ಬ್ರಾ ಒಳಗೆ ಇಟ್ಟುಕೊಂಡು ಅರ್ಧ ದಿನ ಕೆಲಸ ಮಾಡಿ. ಗಾತ್ರದ ಅಂದಾಜು ಸಿಗುತ್ತದೆ, ಭಾರದ್ದು ಸುಮಾರಾಗಿ ಮಾತ್ರ, ಯಾಕೆಂದರೆ ಅಷ್ಟೇ ಅಳತೆಯ ಅಕ್ಕಿ ಇಂಪ್ಲಾಂಟ್‌ಗಿಂತ ಸ್ವಲ್ಪ ಹಗುರ. ಆಕಾರ ಇದರಿಂದ ತಿಳಿಯೋದಿಲ್ಲ. ಸ್ನಾಯುವಿನ ಕೆಳಗೆ ಇಟ್ಟಾಗ ಅದೇ ಸಿಸಿ ಸ್ವಲ್ಪ ಕಮ್ಮಿ ಕಾಣುತ್ತದೆ.

ಕೊನೆಯ ತೀರ್ಮಾನ ಎಷ್ಟೋ ಸಲ ಆಪರೇಷನ್ ಟೇಬಲ್ ಮೇಲೇ ಆಗುತ್ತದೆ. ನಮ್ಮಲ್ಲಿ ಸರ್ಜನ್ ಮೊದಲು ತಾತ್ಕಾಲಿಕ ಸೈಜರ್ ಒಳಗಿಟ್ಟು, ಟೇಬಲ್‌ನ ತಲೆಯ ಭಾಗ ಎತ್ತಿ ಮಲಗಿದವರನ್ನು ಕೂತ ಭಂಗಿಗೆ ತರಿಸುತ್ತಾರೆ. ಆಮೇಲೆ ಕಾಲಿನ ಕಡೆ ಹೋಗಿ ನಿಂತು ಎರಡೂ ಕಡೆ ಹೋಲಿಸಿ ನೋಡುತ್ತಾರೆ. ಒಂದು ಸ್ತನ ಚಿಕ್ಕದಿದ್ದರೆ ಆ ಕಡೆಗೆ ಒಂದು ಸೈಜ್ ದೊಡ್ಡದು ಹಾಕುತ್ತಾರೆ, ಇದು ತೀರಾ ಮಾಮೂಲಿ. ಆದ್ದರಿಂದ ಒಂದೇ ನಂಬರ್‌ಗೆ ಹಟ ಹಿಡಿಯದೆ ಇಷ್ಟರಿಂದ ಇಷ್ಟರೊಳಗೆ ಅಂತ ಮೊದಲೇ ಮಾತಾಡಿ, ಬರೆಸಿಕೊಳ್ಳಿ.

ಸೈಜ್ ಜೊತೆಗೆ ಇಂಪ್ಲಾಂಟ್‌ನ ಮೇಲ್ಮೈ ನುಣುಪೋ ಒರಟೋ ಅಂತಲೂ ಕೇಳಿ. ಒಂದು ಬಗೆಯ ಅಪರೂಪದ ಲಿಂಫೋಮಾ ಕ್ಯಾನ್ಸರ್‌ಗೆ ನಂಟಿದೆ ಅಂತ ಅಲರ್ಗನ್ ಕಂಪನಿಯ ಬಯೋಸೆಲ್ ಅನ್ನೋ ಒರಟು ಮೇಲ್ಮೈಯ ಇಂಪ್ಲಾಂಟ್‌ಗಳನ್ನು 2019ರಲ್ಲಿ ಪ್ರಪಂಚದಾದ್ಯಂತ ವಾಪಸ್ ತೆಗೆದುಕೊಂಡರು. ಸರ್ಜನ್ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್ ಅಥವಾ ಡಿಎನ್‌ಬಿ (ಈಗಿನ ಹೆಸರು ಡಿಆರ್‌ಎನ್‌ಬಿ) ಅನ್ನೋ ಉನ್ನತ ಪದವಿ ಮಾಡಿರಬೇಕು. ಸೀರಿಯಲ್ ನಂಬರ್ ಇರೋ ಇಂಪ್ಲಾಂಟ್ ಕಾರ್ಡ್ ಕೈಗೆ ಸಿಗಬೇಕು. ಆಪರೇಷನ್ ಆದ ಮೊದಲ ವಾರಗಳಲ್ಲಿ ಎದೆ ಬಿಗಿಯಾಗಿ, ಮೇಲಕ್ಕೆ ಕೂತಿರುತ್ತದೆ, ಊತವೂ ಇರುತ್ತದೆ. ಮೂರು ತಿಂಗಳು ಕಳೆಯೋವರೆಗೆ ಸೈಜ್ ಬಗ್ಗೆ ಏನೂ ತೀರ್ಮಾನ ಮಾಡಬೇಡಿ.

ಈಗ ನೀವು ಮಾಡಬೇಕಾದ್ದು ಇಷ್ಟು. ಇಬ್ಬರು ಡಾಕ್ಟರಿಗೂ ಫೋನ್ ಮಾಡಿ, 'ನನ್ನ ಸ್ತನದ ಅಗಲ ಎಷ್ಟು ಬಂತು, ನೀವು ಹೇಳಿದ ಇಂಪ್ಲಾಂಟ್‌ನ ಅಗಲ ಎಷ್ಟು, ಯಾವ ಪ್ರೊಫೈಲ್, ಲಿಫ್ಟ್ ಬೇಕಾ' ಅಂತ ಕೇಳಿ. ಇದಕ್ಕೆ ಸೆಂಟಿಮೀಟರ್ ಲೆಕ್ಕದಲ್ಲಿ ಉತ್ತರ ಕೊಟ್ಟವರ ಹತ್ತಿರ ಟ್ರಯಲ್‌ಗೆ ಹೋಗಿ. ಅಳತೆಯೇ ತೆಗೆಯದೆ ನಂಬರ್ ಹೇಳಿದ್ದರೆ, ಅವರ ಹತ್ತಿರ ಮಾಡಿಸಿಕೊಳ್ಳಬೇಡಿ.